ಬಾರ್ಬಡೋಸಿನ ಫಿರಂಗಿಯೂ ಸವಿತಾಳ ಡಬ್ಬಿಯೂ

ಬೆಂಗಳೂರು

ನನ್ನ ಪಾಸ್‌ಪೋರ್ಟು ಮಾಡಿಸಿದ್ದು ಮಾನಸ ಸರೋವರಕ್ಕೆಂದು. ಮಠದ ಕಡೆಯಿಂದ ಒಂದು ಬಸ್ಸಿನಷ್ಟು ಜನ ಹೊರಟಿದ್ದೆವು. ಆ ವರ್ಷ ದಾರಿ ಮುಚ್ಚಿತು, ಯಾತ್ರೆ ನಿಂತಿತು, ಪಾಸ್‌ಪೋರ್ಟು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಿದ್ದುಕೊಂಡಿತು. ಕೈಲಾಸಕ್ಕೆ ಹೋಗಬೇಕಿದ್ದ ಆ ಪುಸ್ತಕ ಕೊನೆಗೆ ಹೋದದ್ದು ಬಾರ್ಬಡೋಸಿಗೆ. ಭೂಮಿಯ ಆಚೆ ಕಡೆ ಸಮುದ್ರದ ಮಧ್ಯೆ ಇರುವ ದ್ವೀಪ ಅದು. ಇಡೀ ದೇಶ ಸೇರಿದರೂ ನಮ್ಮ ಕಡೂರು ತಾಲ್ಲೂಕಿನ ಅರ್ಧ ಆಗುವುದಿಲ್ಲ.

ಹೋದ ಕಾರಣ ಹೇಳುತ್ತೇನೆ. ನನ್ನ ಮಗಳ ಮಗಳು ಸವಿತಾ ಕಡೂರಿನಲ್ಲಿ ಪಾಲಿಟೆಕ್ನಿಕ್ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾಳೆ. ಅವಳೂ ಆ ಮಕ್ಕಳೂ ಎರಡು ವರ್ಷ ಕೂತು ಒಂದು ಡಬ್ಬಿ ಮಾಡಿದ್ದರು. ಸುಲಿದ ತೆಂಗಿನಕಾಯಿಯಷ್ಟು ಗಾತ್ರ. ಒಳಗೆ ಬ್ಯಾಟರಿ, ತಂತಿ, ಏನೇನೋ ಇಟ್ಟು, ಸಂದಿಗೆಲ್ಲ ಗಟ್ಟಿ ಅಂಟು ಹುಯ್ದು, ಮೇಲೆ ಲೋಹದ ಮುಚ್ಚಳ ಬಿಗಿದಿದ್ದರು. ಆಕಾಶಕ್ಕೆ ಹೋಗಿ ಅಲ್ಲಿನ ಚಳಿ ಎಷ್ಟು, ಗಾಳಿ ಎಷ್ಟು ಅಂತ ಅಳೆದು ಕೆಳಗಿದ್ದವರಿಗೆ ಹೇಳುವುದು ಅದರ ಕೆಲಸ. ರಾಕೆಟ್ಟಿನಲ್ಲಿ ಕಳಿಸುವ ತಾಕತ್ತು ನಮ್ಮಂಥವರಿಗೆ ಎಲ್ಲಿ ಬರಬೇಕು? ಬಾರ್ಬಡೋಸಿನಲ್ಲಿ ಕೆಲವರು ಒಂದು ದೈತ್ಯ ಫಿರಂಗಿ ಕಟ್ಟಿಕೊಂಡು, ಗುಂಡು ಹೊಡೆದ ಹಾಗೆ ಸಾಮಾನನ್ನು ಆಕಾಶಕ್ಕೆ ಹೊಡೆಯುತ್ತಾರೆ. ಅವರು ಒಂದು ಹೊಡೆತದಲ್ಲಿ ಇವರ ಡಬ್ಬಿಗೂ ಜಾಗ ಕೊಟ್ಟಿದ್ದರು. ಒಂದೇ ಹೊಡೆತ. ಕೆಟ್ಟರೆ ಎರಡನೆಯದಿಲ್ಲ.

ಸವಿತಾಳ ಗಂಡ ಜೊತೆಗೆ ಹೊರಟಿದ್ದ. ಅವನ ಆಧಾರಿನಲ್ಲಿ ಅಪ್ಪನ ಹೆಸರು ಮುಂದಿದೆ, ಅಂಕಪಟ್ಟಿಯಲ್ಲಿ ಹಿಂದಿದೆ. ಅದನ್ನು ಸರಿಮಾಡಿಸಿ ಪಾಸ್‌ಪೋರ್ಟು ಪಡೆಯುವ ಮೊದಲೇ ಹೊರಡುವ ದಿನ ಬಂತು. ಸವಿತಾಳನ್ನು ಬಿಟ್ಟರೆ ಮನೆಯಲ್ಲಿ ಪಾಸ್‌ಪೋರ್ಟು ಇದ್ದವಳು ನಾನೊಬ್ಬಳೇ.

"ಇವ್ರು ಹೋಗಿ ಅಲ್ಲೇನ್ ಮಾಡ್ತಾರೆ?" ಅಂದರು ಸವಿತಾಳ ಅತ್ತೆ.

"ಜೊತೇಲಿರ್ತೀನಿ ಕಣವ್ವ. ನಾನೇನು ಫಿರಂಗಿ ಹಾರಿಸ್ತೀನಾ?" ಅಂದೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವ ಹುಡುಗಿ ನಮ್ಮ ಎರಡು ಸಾಮಾನು ಎತ್ತಿ ಪಕ್ಕಕ್ಕಿಟ್ಟಳು. ಒಂದು ಸವಿತಾಳ ಡಬ್ಬಿ, ಇನ್ನೊಂದು ನನ್ನ ನಾಲ್ಕು ಉಂಡೆ ಕೊಬ್ಬರಿ. ಸವಿತಾ ತೋರಿಸಿದ ಕಾಗದಗಳನ್ನು ಓದಿ ಡಬ್ಬಿಯನ್ನು ಬಿಟ್ಟರು. ಕೊಬ್ಬರಿಯನ್ನು ಬಿಡಲಿಲ್ಲ.

"ಕೊಬ್ಬರಿ ತಗೊಂಡ್ ಹೋಗಂಗಿಲ್ಲ ಅಮ್ಮ. ಎಣ್ಣೆ ಜಾಸ್ತಿ ಇರುತ್ತೆ. ಬೆಂಕಿ ಹತ್ಕೊಂಡ್ರೆ ಕಷ್ಟ."

"ಫಿರಂಗಿಗೆ ಹಾಕೋದನ್ನ ಬಿಡ್ತೀಯ, ಬಾಯಿಗೆ ಹಾಕೋದನ್ನ ಬಿಡಲ್ವೇನವ್ವಾ?"

ಸವಿತಾ ನನ್ನ ತೋಳು ಚಿವುಟಿದಳು. "ಅಜ್ಜಿ, ಇಲ್ಲಿ ಫಿರಂಗಿ ಗಿರಂಗಿ ಅನ್ಬ್ಯಾಡ. ಇಬ್ರನ್ನೂ ಒಳಗೆ ಹಾಕ್ತಾರೆ."

ಪಂಚನಹಳ್ಳಿಯ ನಮ್ಮ ಅಟ್ಟದಲ್ಲಿ ಒಂದು ವರ್ಷ ಒಣಗಿದ ಕೊಬ್ಬರಿ ಅಲ್ಲೇ ಬುಟ್ಟಿಗೆ ಬಿತ್ತು. ಹುಚ್ಚೆಳ್ಳು ಚಟ್ನಿಪುಡಿ ಮಾತ್ರ ಉಳಿಯಿತು. ಅದೂ ಎಣ್ಣೆಯದೇ, ನಾನು ಬಾಯಿ ಬಿಡಲಿಲ್ಲ.

ಲಂಡನ್

ಇಲ್ಲಿ ವಿಮಾನ ಬದಲಾಯಿಸಬೇಕಿತ್ತು. ಊರು ನೋಡಲಿಲ್ಲ, ಗಾಜಿನಾಚೆ ಮಳೆ ನೋಡಿದೆ. ಟೀ ಕೇಳಿದರೆ ಬಿಸಿನೀರು ಒಂದು ಕಡೆ, ಸೊಪ್ಪಿನ ಚೀಲ ಒಂದು ಕಡೆ, ಹಾಲು ಇನ್ನೊಂದು ಕಡೆ ಕೊಟ್ಟರು. ಮಾಡಿಕೊಳ್ಳುವವಳು ನಾನೇ ಆದರೆ ಅಂಗಡಿ ಯಾಕೆ?

ಇನ್ನೊಂದು ವಿಷಯ ನಡೆಯಿತು. ವಿಮಾನ ಇಳಿಯುವಾಗ ಜನ ನುಗ್ಗುತ್ತಿದ್ದರು. ಸವಿತಾ ಮುಂದೆ ಸಿಕ್ಕಿಕೊಂಡಿದ್ದಳು. ತಲೆಯ ಮೇಲಿನ ಗೂಡಿನಿಂದ ಅವಳ ಬ್ಯಾಗು ಎಳೆದೆ. ಅದು ನನ್ನ ಕೈ ತಪ್ಪಿ, ಕುರ್ಚಿಯ ಕೈಗೆ ಬಡಿದು, ಅಡ್ಡಡ್ಡ ಕೆಳಕ್ಕೆ ಬಿತ್ತು. ಒಳಗೆ ಡಬ್ಬಿ ಇತ್ತು. ಎತ್ತಿ ಹೆಗಲಿಗೆ ಹಾಕಿಕೊಂಡೆ. ಫಿರಂಗಿಯ ಒದೆ ತಿನ್ನಲು ಮಾಡಿದ ಡಬ್ಬಿ, ಇಷ್ಟಕ್ಕೆಲ್ಲ ಏನಾಗುತ್ತದೆ ಅಂದುಕೊಂಡೆ. ಅವಳಿಗೆ ಹೇಳಲಿಲ್ಲ. ಹೇಳುವಂಥದ್ದು ಅನ್ನಿಸಲೂ ಇಲ್ಲ.

ಬಾರ್ಬಡೋಸ್, ಮಂಗಳವಾರ

ಇಳಿದ ತಕ್ಷಣ ನನ್ನ ಬ್ಯಾಗು ಹಿಡಿದರು. ಕಡೂರು ಪೇಟೆಯಲ್ಲಿ ಕೊಂಡದ್ದು. ಮಿಲಿಟರಿಯವರ ಬಟ್ಟೆಯ ಹಾಗೆ ಹಸಿರು ಕಂದು ಮಚ್ಚೆ ಮಚ್ಚೆ, ನಮ್ಮಲ್ಲಿ ಎರಡನೇ ಮನೆಗೊಂದು ಇರುತ್ತದೆ. ಆ ದೇಶದಲ್ಲಿ ಸೈನಿಕರಲ್ಲದವರು ಆ ಬಣ್ಣ ಮುಟ್ಟುವಂತಿಲ್ಲ, ಕಾನೂನು. ಅಧಿಕಾರಿ ಬಹಳ ಮರ್ಯಾದಸ್ಥ. ಎರಡು ಸಲ ಕ್ಷಮೆ ಕೇಳಿ ನನ್ನ ಸೀರೆ, ರವಿಕೆ, ಚಟ್ನಿಪುಡಿ ಎಲ್ಲವನ್ನೂ ತಾನೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಟ್ಟು ಬ್ಯಾಗನ್ನು ಮಾತ್ರ ಇಟ್ಟುಕೊಂಡ. ಊರಲ್ಲಿ ಅಷ್ಟುದ್ದ ಫಿರಂಗಿ ಇಟ್ಟುಕೊಂಡವರಿಗೆ ನನ್ನ ಬ್ಯಾಗಿನ ಭಯ.

ನಾವು ಉಳಿದದ್ದು ಮರ್ಲೀನ್ ಎಂಬ ಹೆಂಗಸಿನ ಮನೆಯಲ್ಲಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ದಪ್ಪನೆಯ ಆಳು, ನಕ್ಕರೆ ಕುರ್ಚಿ ಅಲ್ಲಾಡುತ್ತದೆ. ಅವಳ ತಮ್ಮನ ಮಗ ಡೆಸ್ಮಂಡ್ ಫಿರಂಗಿಯ ಯಜಮಾನ. ಹೊಡೆಯುವುದು ಬಿಡುವುದು ಅವನ ಮಾತು. ಮರ್ಲೀನಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷು ಬಾರದು. ಸವಿತಾ ಇದ್ದಾಗ ಅವಳ ಬಾಯಿಂದ ಮಾತಾಡಿದೆವು, ಇಲ್ಲದಾಗ ನಮ್ಮ ನಮ್ಮ ಬಾಯಿಂದಲೇ.

ಅಲ್ಲಿ ಬಸ್ಸಿನ ಹಾಗೆ ಓಡುವ ವ್ಯಾನು ಹತ್ತಿದವರೆಲ್ಲ ಒಳಗಿದ್ದವರಿಗೆ ಗುಡ್ ಮಾರ್ನಿಂಗ್ ಹೇಳಬೇಕು. ಗುರುತು ಪರಿಚಯ ಬೇಕಿಲ್ಲ. ಹೇಳದಿದ್ದರೆ ಹೆತ್ತವರು ಬುದ್ಧಿ ಕಲಿಸಿಲ್ಲ ಅಂದುಕೊಳ್ಳುತ್ತಾರೆ. ನಮ್ಮ ಬೀರೂರು ಬಸ್ಸಿನಲ್ಲಿ ಹಾಗೆ ಹೇಳಿದರೆ ಸೀಟು ಹೊಡೆಯಲು ಬಂದಿದ್ದಾಳೆ ಅನ್ನುತ್ತಾರೆ. ನಮ್ಮಲ್ಲಿ "ಯಾವೂರು, ಎಲ್ಲಿಗೆ ಹೊಂಟ್ರಿ, ಯಾರ ಮನೆಗೆ" ಅಂತ ಕೇಳುವುದೇ ನಮಸ್ಕಾರ. ಅವರು ನಮಸ್ಕಾರ ಹೇಳಿ ಸುಮ್ಮನಾಗುತ್ತಾರೆ, ಏನೂ ಕೇಳುವುದಿಲ್ಲ. ನನಗೆ ಹೊಟ್ಟೆ ಉಬ್ಬರಿಸಿದ ಹಾಗಾಯಿತು. ಉಳಿದಂತೆ ವ್ಯಾನು ನಮ್ಮದೇ: ನಾಲ್ಕು ಜನರ ಸೀಟಿಗೆ ಆರು ಜನ, ಕಿವಿ ಹರಿಯುವ ಹಾಡು.

ರಾತ್ರಿಯ ಊಟಕ್ಕೆ ಮೀನು. ನಾನು ತಿನ್ನುವವಳಲ್ಲ. ಮರ್ಲೀನ್ ಬೇಜಾರು ಮಾಡಿಕೊಂಡು ಒಲೆಯ ಮುಂದೆ ನಿಂತವಳು ಬೆಂಡೆಕಾಯಿ ಬೇಯಿಸಿದ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ ಮರದ ಕೋಲಿನಲ್ಲಿ ತಿರುವತೊಡಗಿದಳು. ನಾನು ಎದ್ದು ಹತ್ತಿರ ಹೋದೆ. ಅದೇ ಕೋಲು, ಅದೇ ತಿರುವು, ಗಂಟು ಬಂದರೆ ಪಾತ್ರೆಯ ಮೈಗೆ ಒತ್ತುವುದೂ ಅದೇ. "ಇದು ಮುದ್ದೆ ಕಣೇ," ಅಂದೆ. ಅವಳು "ಕೂಕೂ" ಅಂದಳು. ಚಟ್ನಿಪುಡಿ ಹಾಕಿಕೊಂಡು ಅಗಿಯದೆ ನುಂಗಿ ತೋರಿಸಿದೆ. ಅವಳೂ ಒಂದು ತುತ್ತು ನುಂಗಿದಳು, ಗಂಟಲಿಗೆ ಸಿಕ್ಕಿ ಕೆಮ್ಮಿದಳು, ಬೆನ್ನು ಗುದ್ದಿದೆ. ಅಲ್ಲಿಂದ ನಮ್ಮಿಬ್ಬರಿಗೆ ಸಲಿಗೆ ಆಯಿತು.

ಬುಧವಾರ, ಹಳೇ ಫಿರಂಗಿ

ಈಗಿನ ಫಿರಂಗಿ ನೋಡುವ ಮೊದಲು ಹಳೆಯದನ್ನು ನೋಡಬೇಕು ಅಂತ ಮರ್ಲೀನ್ ಕರೆದುಕೊಂಡು ಹೋದಳು. ಅವಳು ಚಿಕ್ಕವಳಿದ್ದಾಗ ಹೊರಗಿನವರು ಬಂದು ಕಟ್ಟಿದ್ದಂತೆ. ಯುದ್ಧದ ಹಡಗಿನ ಎರಡು ಫಿರಂಗಿ ನಳಿಗೆ ತಂದು ಬಾಯಿಗೆ ಬುಡ ಸೇರಿಸಿ ಒಂದು ಮಾಡಿದ್ದಾರೆ. ಈಗ ಸಮುದ್ರದ ದಂಡೆಯ ಪೊದೆಗಳ ನಡುವೆ ತುಕ್ಕು ಹಿಡಿದು ಮಲಗಿದೆ. ಎರಡು ತೆಂಗಿನಮರ ಉದ್ದಕ್ಕೆ ಮಲಗಿಸಿದಷ್ಟು ಇದೆ. ಅದರ ನೆರಳಿನಲ್ಲಿ ಯಾರದೋ ಮೇಕೆ ಕಟ್ಟಿತ್ತು.

"ಇದು ಹಾರ್ದಾಗ ಇವ್ರ ಮನೆ ಕಿಟಕಿ ಗಾಜು ಒಡೀತಿತ್ತಂತೆ," ಅಂತ ಸವಿತಾ ಅವಳ ಮಾತನ್ನು ನನಗೆ ಹೇಳಿದಳು. "ಅದಕ್ಕೆ ಫಿರಂಗಿ ದಿನ ಊರೋರೆಲ್ಲ ಕಿಟಕಿ ತೆಗೆದಿಡ್ತಿದ್ರಂತೆ."

"ರಾಕೆಟ್ ಇರುವಾಗ ಇದ್ಯಾಕೆ ಬೇಕು?"

"ರಾಕೆಟ್ಟು ದಾರಿ ಪೂರ್ತಿಗೂ ಬುತ್ತಿ ಹೊತ್ಕೊಂಡ್ ಹೋಗ್ಬೇಕು ಅಜ್ಜಿ. ಬುತ್ತೀನೇ ಭಾರ. ಇದು ಮನೇಲೇ ಹೊಟ್ಟೆ ತುಂಬ ಉಂಡು ಒಂದೇ ಓಟ ಓಡ್ದಂಗೆ. ಖರ್ಚು ಕಮ್ಮಿ."

"ಹೋಗಿ ಅಲ್ಲೇ ನಿಲ್ಲುತ್ತಾ?"

"ಇಲ್ಲ. ಮೇಲೆ ಹೋಗಿ ಸಮುದ್ರಕ್ಕೆ ಬೀಳುತ್ತೆ. ಅಷ್ಟರಲ್ಲಿ ನಮ್ಮ ಡಬ್ಬಿ ಮಾತಾಡ್ಬೇಕು. ಕಷ್ಟ ಇರೋದು ಹೊರಡೋ ಗಳಿಗೇಲಿ. ಅಂಥಾ ಒದೆ ಬೀಳುತ್ತೆ. ಒಳಗೆ ಕೂದಲಷ್ಟು ಸಡಿಲ ಇದ್ರೂ ಎಲ್ಲ ಪುಡಿಪುಡಿ."

ರಾಗಿ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವಳು ನಾನು. ಕಲ್ಲು ಗಟ್ಟಿ ಇದ್ದರೆ ದೂರ ಹೋಗುತ್ತದೆ, ಹೆಂಟೆ ಇಟ್ಟು ಬೀಸಿದರೆ ಅಲ್ಲೇ ಉದುರುತ್ತದೆ. ಅಷ್ಟು ನನಗೆ ಅರ್ಥವಾಯಿತು.

ಗುರುವಾರ

ಹೊಸ ಫಿರಂಗಿ ಹಳೆಯದರಷ್ಟು ದಪ್ಪವಿಲ್ಲ. ಪಾಳುಬಿದ್ದ ಕಲ್ಲುಗಣಿಯಲ್ಲಿ ಮೂತಿ ಮೇಲೆತ್ತಿ ನಿಂತಿದೆ. ಪಕ್ಕದ ಶೆಡ್ಡಿನಲ್ಲಿ ಡೆಸ್ಮಂಡನ ಜನ ಗುಂಡು ಸಜ್ಜು ಮಾಡುತ್ತಿದ್ದರು. ಮಾರನೆಯ ದಿನ ಶುಕ್ರವಾರ ಹೊಡೆಯುವುದು. ಸಮುದ್ರದಲ್ಲಿ ದೋಣಿಗಳು ಬಾರದ ಹಾಗೆ ತಡೆದಿದ್ದದ್ದು ಶುಕ್ರವಾರ, ಶನಿವಾರ ಎರಡು ದಿನ ಮಾತ್ರ.

ಸವಿತಾ ಡಬ್ಬಿಗೆ ಕೊನೆಯ ಪರೀಕ್ಷೆ ಮಾಡಿದಳು. ಕಂಪ್ಯೂಟರಿನಲ್ಲಿ ಎಲ್ಲವೂ ಹಸಿರು ತೋರಿಸಿತು. ಅವಳು ಡೆಸ್ಮಂಡನ ಜೊತೆ ಮಾತಾಡುತ್ತ ನಿಂತಳು. ಡಬ್ಬಿ ನನ್ನ ಮುಂದಿನ ಮೇಜಿನ ಮೇಲಿತ್ತು.

ಇಲ್ಲಿ ನಮ್ಮ ಕಡೆಯ ಕೊಬ್ಬರಿ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಕಾಯಿಯನ್ನು ಸುಲಿಯದೆ ಅಟ್ಟದಲ್ಲಿ ಹಾಕುತ್ತೇವೆ. ವರ್ಷ ಕಳೆದ ಮೇಲೆ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ನೀರು ಗುಳುಗುಳು ಅಂದರೆ ಇನ್ನೂ ಹಸಿ. ಏನೂ ಅನ್ನದಿದ್ದರೆ ಒಳಗಿನ ಕೊಬ್ಬರಿ ಚಿಪ್ಪನ್ನು ಬಿಟ್ಟಿಲ್ಲ, ಕಾಯಬೇಕು. ಲೊಡಕ್ ಅಂದರೆ ಬಿಟ್ಟಿದೆ, ಉಂಡೆ ಕೊಬ್ಬರಿ ಸಿದ್ಧ. ಐವತ್ತು ವರ್ಷ ನಾನು ಮಾಡಿದ್ದು ಅದೇ. ಆ ಗಾತ್ರದ್ದು ಏನು ಕಂಡರೂ ಕೈ ತಾನೇ ಹೋಗುತ್ತದೆ.

ಡಬ್ಬಿ ಎತ್ತಿದೆ, ಅಲ್ಲಾಡಿಸಿದೆ. ಬಹಳ ಸಣ್ಣದಾಗಿ ಲೊಡಕ್ ಅಂದಿತು. ಸಂತೋಷವಾಯಿತು.

"ಚೆನ್ನಾಗಿ ಬಲ್ತೈತೆ ಕಣೇ ಸವಿ," ಅಂದೆ.

ಅವಳು ತಿರುಗಿದಳು. "ಅಜ್ಜಿ, ಮುಟ್ಬ್ಯಾಡ ಅಂದಿದ್ನಲ್ಲ. ಏನ್ ಬಲ್ತೈತೆ?"

"ಒಳಗಿಂದು. ಬಿಟ್ಕೊಂಡೈತೆ. ಲೊಡಕ್ ಅಂತು."

ಅವಳು ಓಡಿ ಬಂದು ಕಸಿದುಕೊಂಡು ಅಲ್ಲಾಡಿಸಿದಳು. ಅವಳಿಗೆ ಏನೂ ಕೇಳಿಸಲಿಲ್ಲ. ಡೆಸ್ಮಂಡನೂ ಅಲ್ಲಾಡಿಸಿದ, ಅವನಿಗೂ ಇಲ್ಲ. ಶೆಡ್ಡಿನಲ್ಲಿ ಓಡುತ್ತಿದ್ದ ಮಿಷನ್ನು ನಿಲ್ಲಿಸಿ ಮತ್ತೆ ಮಾಡಿದರು. ಇಲ್ಲ. ನನ್ನ ಕೈಗೆ ಕೊಟ್ಟರು. "ಅಂತೈತೆ," ಅಂದೆ.

"ಅಜ್ಜಿ, ಅದು ಲೊಡಕ್ ಅನ್ಬಾರ್ದು. ಅಂದ್ರೆ ಕೆಟ್ಟೋಗೈತೆ ಅಂತ. ಇದು ಕೊಬ್ಬರಿ ಅಲ್ಲ."

ಆಗ ಲಂಡನ್ನು ನೆನಪಾಯಿತು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. "ವಿಮಾನದಲ್ಲಿ ಬ್ಯಾಗು ನನ್ನ ಕೈಯಿಂದ ಬಿತ್ತು. ಅಡ್ಡಡ್ಡ ಬಿತ್ತು. ಫಿರಂಗಿ ಒದೆ ತಡೆಯೋದಕ್ಕೆ ಇದೇನು ಮಹಾ ಅಂದ್ಕೊಂಡೆ."

"ಫಿರಂಗಿ ಕೆಳಗಿಂದ ಒದೆಯುತ್ತೆ ಅಜ್ಜಿ. ನಾವು ಗಟ್ಟಿ ಮಾಡಿರೋದು ಆ ಕಡೆಗೆ. ಅಡ್ಡಕ್ಕೆ ಬಿದ್ರೆ..." ಅವಳು ಮೇಜಿನ ಮೇಲೆ ಕೈಯೂರಿ ನಿಂತಳು.

ಡೆಸ್ಮಂಡ್ ಕಡ್ಡಿ ಮುರಿದ ಹಾಗೆ ಹೇಳಿದ. ಬಿಚ್ಚುವುದಾದರೆ ಬಿಚ್ಚು. ಬಿಚ್ಚಿದರೆ ಹೊಸ ಅಂಟು ಹುಯ್ದು ಗಟ್ಟಿಯಾಗಬೇಕು. ಶುಕ್ರವಾರ ಬಿಟ್ಟುಕೊಡುತ್ತೇನೆ. ಶನಿವಾರ ಬೆಳಿಗ್ಗೆ ಹೊಡೆಯುತ್ತೇನೆ. ಅಷ್ಟರಲ್ಲಿ ಆಗದಿದ್ದರೆ ನಿನ್ನ ಡಬ್ಬಿಯ ಜಾಗದಲ್ಲಿ ಅಷ್ಟೇ ತೂಕದ ಕಬ್ಬಿಣ ಹೋಗುತ್ತದೆ. ಒಳಗೆ ಏನೂ ಆಗಿಲ್ಲದಿದ್ದರೆ ಸುಮ್ಮನೆ ಒಡೆದ ಹಾಗೆ. ಯೋಚನೆ ಮಾಡು.

ಸವಿತಾ ನನ್ನ ಕಡೆ ನೋಡಿದಳು. "ಖಂಡಿತ ಅಂತಾ ಅಜ್ಜಿ?"

"ಅಂತು. ಅಂದಿದ್ದು ಒಳ್ಳೇದೋ ಕೆಟ್ಟದ್ದೋ ನಿನ್ನ ವಿದ್ಯೆ. ನನ್ನನ್ನ ಕೇಳ್ಬ್ಯಾಡ."

ಅವಳು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಮುಚ್ಚಳ ತೆಗೆದು ಸಣ್ಣ ಗರಗಸದಲ್ಲಿ ಅಂಟನ್ನು ಕೊಯ್ದಳು. ಬ್ಯಾಟರಿಯ ಸುತ್ತ ಅಂಟು ಬಿಟ್ಟುಕೊಂಡಿತ್ತು. ಉಗುರು ಕೂಡ ತೂರದಷ್ಟು ಸಂದಿ. ಡೆಸ್ಮಂಡ್ ಬಗ್ಗಿ ನೋಡಿ ಬಾಯಲ್ಲಿ ಶಿಳ್ಳೆ ಹಾಕಿದ. ಸವಿತಾ ನನಗೆ ಬೈಯಲಿಲ್ಲ, ಹೊಗಳಲೂ ಇಲ್ಲ. ಬೀಳಿಸಿದವಳೂ ಕಂಡುಹಿಡಿದವಳೂ ಒಬ್ಬಳೇ ಆದರೆ ಏನು ಮಾಡುವುದು?

ಶುಕ್ರವಾರ

ಹೊಸ ಅಂಟು ತಾನಾಗಿ ಗಟ್ಟಿಯಾಗಲು ಎರಡು ದಿನ ಬೇಕು. ಹದವಾಗಿ ಬೆಚ್ಚಗಿಟ್ಟರೆ ಒಂದು ಹಗಲು ಸಾಕು. ಶೆಡ್ಡಿನ ಒವನ್ನು ಬಹಳ ಬಿಸಿ, ಬ್ಯಾಟರಿಯೇ ಬೆಂದುಹೋಗುತ್ತದೆ. ಮರ್ಲೀನ್ ಸೊಂಟಕ್ಕೆ ಕೈಯಿಟ್ಟು ತನ್ನ ಅಡಿಗೆಮನೆಯ ಒವನ್ನು ತೋರಿಸಿದಳು. ಅವಳು ವಾರಕ್ಕೊಮ್ಮೆ ತೆಂಗಿನತುರಿ ಹಾಕಿ ಬ್ರೆಡ್ಡು ಸುಡುವ ಒವನ್ನು. ಬಾಗಿಲು ಸ್ವಲ್ಪ ತೆರೆದು ಮರದ ಸೌಟು ಸಿಕ್ಕಿಸಿದರೆ ಸಣ್ಣ ಶಾಖ ನಿಲ್ಲುತ್ತದೆ. ಆದರೆ ಮುಂದೆ ಯಾರಾದರೂ ಕೂತಿರಬೇಕು. ಒಳಗೆ ಇಟ್ಟ ಥರ್ಮಾಮೀಟರಿನ ಮುಳ್ಳು ಕೆಂಪು ಗೆರೆ ದಾಟಿದರೆ ಬಾಗಿಲು ಅಗಲಿಸಬೇಕು, ಹಿಂದೆ ಬಿದ್ದರೆ ಸರಿಸಬೇಕು.

"ನಾನು ಕೂತ್ಕೊತೀನಿ," ಅಂದೆ.

"ಅಜ್ಜಿ, ಹತ್ತು ಹನ್ನೆರಡು ಗಂಟೆ."

"ಬೀಳಿಸಿದ್ದು ಯಾರು? ನಡಿ, ನಿನ್ನ ಕೆಲಸ ನೋಡು."

ಬೆಳಿಗ್ಗೆ ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿಕೊಂಡು ಬಂದು ಕೂತೆ. ಮರ್ಲೀನ್ ಇನ್ನೊಂದು ಕುರ್ಚಿ ಎಳೆದುಕೊಂಡಳು. ಆಮೇಲೆ ಅವಳು ಏನೋ ಹೇಳಿದಳು, ನಾನೂ ಏನೋ ಹೇಳಿದೆ. ಅವಳು ಬೆರಳಿನಲ್ಲಿ ನಾಲ್ಕು ತೋರಿಸಿ ಎತ್ತರ ತೋರಿಸಿದಳು: ಮಕ್ಕಳು. ನಾನು ಮೂರು ತೋರಿಸಿದೆ. ಅವಳು ಎದೆಗೆ ಕೈಯಿಟ್ಟು ಮೇಲೆ ತೋರಿಸಿದಳು: ಗಂಡ ಹೋದ. ನಾನೂ ಮೇಲೆ ತೋರಿಸಿದೆ. ಇಬ್ಬರ ಗಂಡಂದಿರೂ ಫಿರಂಗಿ ಇಲ್ಲದೆ ಹೋದರು ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ಅವಳು ನಗುವುದನ್ನು ನೋಡಿ ನಾನು ನಕ್ಕೆ.

ಮಧ್ಯಾಹ್ನ ಪಕ್ಕದ ಮನೆಯ ಹೆಂಗಸರು ಬ್ರೆಡ್ಡು ಕೊಳ್ಳಲು ಬಂದರು. ಮರ್ಲೀನ್ ಒವನ್ನಿನೊಳಗೆ ತೋರಿಸಿದಳು. ಅವರು ಒಬ್ಬೊಬ್ಬರಾಗಿ ಬಗ್ಗಿ ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಗುಡ್ ಆಫ್ಟರ್‌ನೂನ್ ಹೇಳಿ ಅಲ್ಲೇ ಕೂತರು. ಒಬ್ಬಳು ಸೌಟು ಹಿಡಿಯುವ ಸರದಿ ಕೇಳಿದಳು, ನಾನು ಕೊಡಲಿಲ್ಲ. ಊಟಕ್ಕೂ ಏಳಲಿಲ್ಲ. ಮರ್ಲೀನ್ ಕೂಕೂ ಕೈತುತ್ತು ಮಾಡಿ ಬಾಯಿಗಿಟ್ಟಳು. ಈ ಸಲ ಅವಳೂ ಅಗಿಯದೆ ನುಂಗಿದಳು.

ಸಂಜೆ ಸವಿತಾ ಬಂದು ಉಗುರಿನಿಂದ ಅಂಟು ಕುಟ್ಟಿ ನೋಡಿದಳು. ಕಲ್ಲಾಗಿತ್ತು. ಮುಚ್ಚಳ ಬಿಗಿದು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದಳು.

"ಏನೂ ಅನ್ನಲ್ಲ," ಅಂದೆ. "ಇನ್ನೂ ಬಲ್ತಿಲ್ಲ."

"ಸದ್ಯ," ಅಂದಳು.

ಶನಿವಾರ

ಬೆಳಿಗ್ಗೆ ಮರ್ಲೀನ್ ಮನೆಯ ಕಿಟಕಿಗಳನ್ನೆಲ್ಲ ತೆಗೆದಿಟ್ಟಳು. ಬೀದಿಯಲ್ಲಿ ಎಲ್ಲರೂ ತೆಗೆದಿದ್ದರು. ಈ ಫಿರಂಗಿಗೆ ಗಾಜು ಒಡೆಯುವುದಿಲ್ಲ ಅಂತ ಡೆಸ್ಮಂಡ್ ಎಷ್ಟು ಹೇಳಿದರೂ ಆ ಊರಿನ ಹೆಂಗಸರು ಕೇಳುವುದಿಲ್ಲ.

ನಮ್ಮನ್ನು ದೂರದ ಮಣ್ಣಿನ ದಿಬ್ಬದ ಹಿಂದೆ ಕೂರಿಸಿದರು. ಸವಿತಾ ರೇಡಿಯೋದ ಮುಂದೆ ಕೂತಳು. ಫೋನಿನಲ್ಲಿ ಕಡೂರಿನ ಅವಳ ಪಾಲಿಟೆಕ್ನಿಕ್ ಮಕ್ಕಳಿದ್ದರು. ಅಲ್ಲಿ ಸಂಜೆ ಕಳೆದಿತ್ತು, ಯಾರೂ ಮನೆಗೆ ಹೋಗದೆ ಲ್ಯಾಬಿನಲ್ಲಿ ತುಂಬಿಕೊಂಡಿದ್ದರು.

ಡೆಸ್ಮಂಡ್ ಕೆಳಮುಖವಾಗಿ ಎಣಿಸಿದ. ಶಬ್ದ ಮೊದಲು ಕಿವಿಗೆ ಬರಲಿಲ್ಲ. ಪಾದಕ್ಕೆ ಬಂತು, ಎದೆಗೆ ಬಂತು, ಆಮೇಲೆ ಕಿವಿಗೆ. ತಲೆಯೆತ್ತಿ ನೋಡಿದರೆ ಏನೂ ಇಲ್ಲ. ಒಂದು ಬಿಳಿ ಹೊಗೆಯ ಬಳೆ ಮಾತ್ರ ಮೇಲೆ ಹೋಗುತ್ತಿತ್ತು. ಭೂಮಿಯ ಅರ್ಧ ಸುತ್ತಿ ಬಂದದ್ದು ಇದನ್ನು ನೋಡಲಿಕ್ಕೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು.

ರೇಡಿಯೋದಲ್ಲಿ ಗರ್ ಅನ್ನುವುದು ಬಿಟ್ಟರೆ ಏನಿಲ್ಲ. ಪರದೆಯ ಮೇಲೆ ಒಂದು ಗೆರೆ ಸತ್ತ ಹಾವಿನ ಹಾಗೆ ಮಲಗಿತ್ತು. ಗುಂಡಿನ ಹೊರಕವಚ ಕಳಚಿದ ಮೇಲೆ ಡಬ್ಬಿ ಏಳಬೇಕು, ಒಂದು ನಿಮಿಷ ಹಿಡಿಯಬಹುದು ಅಂತ ಸವಿತಾ ಮೊದಲೇ ಹೇಳಿದ್ದಳು. ಆ ಒಂದು ನಿಮಿಷ ನಾನು ಕತ್ತಿನ ಲಿಂಗದ ಕರಡಿಗೆ ಹಿಡಿದುಕೊಂಡು ಕೂತಿದ್ದೆ. ಸವಿತಾ ಪರದೆಯ ಕಡೆಗೆ ಇನ್ನಷ್ಟು ಬಗ್ಗಿದಳು. ಇವಳ ಎರಡು ವರ್ಷವನ್ನು ಒಂದು ಬ್ಯಾಗು ಎಳೆಯುವಷ್ಟರಲ್ಲಿ ಕೆಡಿಸಿದೆನಲ್ಲ ಅಂದುಕೊಂಡೆ.

ಗೆರೆ ಎದ್ದಿತು. ಒಂದು ಸಲ, ಎರಡು ಸಲ, ಆಮೇಲೆ ನಿಲ್ಲದೆ.

ಸವಿತಾ ಕೂಗಲಿಲ್ಲ. ಅಂಕಿಗಳನ್ನು ಓದತೊಡಗಿದಳು. ಕಡೂರಿನಲ್ಲಿ ಕಿರುಚಾಟ ಎದ್ದಿತು.

"ಕಿರುಚ್ಬ್ಯಾಡ್ರೋ, ಬರ್ಕೊಳ್ರಿ," ಅಂತ ಗದರಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಓದು ತಪ್ಪಲಿಲ್ಲ. ಅಲ್ಲಿಂದ ಒಬ್ಬಳು ಹುಡುಗಿ ಒಂದೊಂದು ಅಂಕಿಯನ್ನೂ ತಿರುಗಿ ಹೇಳಿ ಬರೆದುಕೊಂಡಳು. ಮೇಲೇರುವಾಗಲೂ ಮಾತಾಡಿತು, ಬೀಳುವಾಗಲೂ ಮಾತಾಡಿತು, ಸಮುದ್ರ ಮುಟ್ಟುವ ತನಕ ಡಬ್ಬಿ ಬಾಯಿ ಮುಚ್ಚಲಿಲ್ಲ. ಆಮೇಲೆ ಗೆರೆ ಮಲಗಿತು. ಡೆಸ್ಮಂಡ್ ಟೋಪಿ ತೆಗೆದು ನೆಲಕ್ಕೆ ಹೊಡೆದ. ಮರ್ಲೀನ್ ನನ್ನನ್ನು ತಬ್ಬಿ ಎತ್ತಿಯೇಬಿಟ್ಟಳು, ನನ್ನ ಚಪ್ಪಲಿ ಕೆಳಗೆ ಬಿತ್ತು.

ಚಪ್ಪಲಿ ಹಾಕಿಕೊಂಡು ಸವಿತಾಳ ಪಕ್ಕ ಹೋಗಿ ಕೂತೆ. ಅವಳು ಮೂಗು ಒರೆಸಿಕೊಳ್ಳುತ್ತಿದ್ದಳು.

"ಎಷ್ಟು ದೂರ ಹೋಗಿತ್ತೇ?"

"ಹೆಂಗ್ ಹೇಳ್ಲಿ? ಕಡೂರಿಂದ ಶಿವಮೊಗ್ಗಕ್ಕೆ ಹೋದಷ್ಟು ಅಂದ್ಕೊ. ನೆಟ್ಟಗೆ ಮೇಲಕ್ಕೆ."

"ಆಕಾಶ ಮುಗಿಯೋದು ಅಷ್ಟರಲ್ಲೇನಾ? ತರೀಕೆರೆ ದಾಟಿ, ಭದ್ರಾವತಿ ಆದ್ಮೇಲೆ?"

"ಹೂಂ. ಇನ್ನೊಂಚೂರು ಮುಂದೆ, ಹೆಚ್ಚು ಕಮ್ಮಿ ಅಷ್ಟೇ."

"ಅಷ್ಟು ಹತ್ರ ಇಟ್ಕೊಂಡು, ನಮ್ಮೂರಿಂದ ಇಷ್ಟು ದಿನ ಯಾರೂ ಯಾಕೆ ಏನೂ ಕಳಿಸಿರ್ಲಿಲ್ಲ?"

ಫೋನು ಇನ್ನೂ ಆನ್ ಇತ್ತು. ಕಡೂರಿನ ಆ ಹುಡುಗಿಯೇ ಉತ್ತರ ಹೇಳಿದಳು.

"ಬಸ್ಸಿರ್ಲಿಲ್ಲ ಅಜ್ಜಿ."